ಹಳೆಯ ಎಂಜಿನ್ನಿಗೆ ಹೊಸ ಮಿದುಳು

ಜರ್ಮನಿಯಲ್ಲಿರುವ ನನ್ನ ಶಿಷ್ಯನೊಬ್ಬ ಮೊನ್ನೆ ದೂರವಾಣಿಯಲ್ಲಿ ಕೇಳಿದ: "ಸಾರ್, ನನ್ನ ಡಿ-ಜೆಟ್ರಾನಿಕ್ ಕಾಲದ ಕಾರಿಗೆ ಮೋಟ್ರಾನಿಕ್ ಪೆಟ್ಟಿಗೆ ಕೂಡಿಸಿದರೆ ಸಾಕಲ್ಲವೇ?" ಇತಿಹಾಸದ ಮೇಷ್ಟ್ರಾದ ನನಗೆ ತಿಳಿದ ಉತ್ತರವೂ ಇತಿಹಾಸವೇ.

1967ರಲ್ಲಿ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ಅಮೆರಿಕದ ಹೊಗೆ ನಿಯಮಗಳೇ ಅದಕ್ಕೆ ಪ್ರೇರಣೆ. ಅದು ಎಂಜಿನ್ನಿನೊಳಗೆ ಸೇರುವ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲ್ ಸಿಂಪಡಿಸುತ್ತಿತ್ತು. 1973ರ ಎಲ್-ಜೆಟ್ರಾನಿಕ್ ಗಾಳಿಯ ಹರಿವನ್ನೇ ಅಳೆಯಿತು. 1976ರಲ್ಲಿ ವೋಲ್ವೋ ಕಾರಿಗೆ ಬಂದ ಲ್ಯಾಂಬ್ಡಾ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗ್ರಹಿಸಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನ ಮೋಟ್ರಾನಿಕ್ ಇಂಧನವನ್ನೂ ಕಿಡಿಯನ್ನೂ ಒಂದೇ ಮಿದುಳಿಗೆ ಒಪ್ಪಿಸಿತು.

ಮಿದುಳು ಬೆಳೆದದ್ದು ಇಂದ್ರಿಯಗಳೊಡನೆ ಎಂಬುದನ್ನು ಗಮನಿಸಿ. ಕ್ರ್ಯಾಂಕಿನ ಸ್ಥಾನ ತಿಳಿಸುವ ಸೆನ್ಸರ್, ಗಾಳಿಯ ಮಾಪಕ, ಹೊಸ ವೈರಿಂಗ್ ಇವೆಲ್ಲ ಇಲ್ಲದಿದ್ದರೆ ಹೊಸ ಪೆಟ್ಟಿಗೆ ಕುರುಡು.

ಪಾಠಪುಸ್ತಕ ಬದಲಾದಾಗ ಮಕ್ಕಳ ತಳಹದಿಯನ್ನು ನೋಡದೆ ಬೋಧಿಸಿ ನಾನೂ ಒಮ್ಮೆ ಸೋತವನೇ. ಆದ್ದರಿಂದ ಅವನಿಗೆ ಹೇಳಿದೆ: "ಮಾಡುವುದಾದರೆ ಪೂರ್ತಿಯಾಗಿ ಮಾಡಪ್ಪ. ಬಿಚ್ಚಿದ ಹಳೆಯ ಭಾಗಗಳನ್ನು ಮಾತ್ರ ಎಸೆಯಬೇಡ, ಅವೂ ಇತಿಹಾಸ."