ಹಿರಿತನ: ಸ್ವಭಾವವೋ, ಸ್ಥಾನವೋ?

ಕನ್ನಡದ ದಿನಬಳಕೆಯ ಮಾತಿನಲ್ಲಿ ಒಡಹುಟ್ಟಿದವರನ್ನು ಹೆಸರಿಸಬೇಕಾದರೆ ಅವರು ನಮಗಿಂತ ಮೊದಲು ಹುಟ್ಟಿದವರೋ ಅನಂತರದವರೋ ಎಂಬುದನ್ನು ಹೇಳದೆ ವಿಧಿಯಿಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕೂ ಪದಗಳಲ್ಲಿ ಹುಟ್ಟಿನ ಕ್ರಮ ಸೇರಿಕೊಂಡಿದೆ. ಜಪಾನೀ ಭಾಷೆಯಲ್ಲಿಯೂ ಹೀಗೆಯೇ: ಅನಿ, ಒತೋತೊ, ಅನೆ, ಇಮೋತೊ. ಇಚಿರೋ, ಜಿರೋ, ಸಬುರೋ ಎಂಬ ಹಳೆಯ ಹೆಸರುಗಳಲ್ಲಿ ಒಂದು, ಎರಡು, ಮೂರು ಎಂಬ ಎಣಿಕೆಯೇ ಇದೆ.

ಕೋಬೆಯಲ್ಲಿ ನೆಲೆಸಿರುವ ವೈದ್ಯನಾದ ನನ್ನನ್ನು ಕನ್ನಡಿಗ ತಂದೆತಾಯಿಗಳು ಆಗಾಗ ಕೇಳುವುದುಂಟು: “ಡಾಕ್ಟರೇ, ನಮ್ಮ ದೊಡ್ಡವನು ಇಷ್ಟು ಗಂಭೀರ, ಚಿಕ್ಕವಳು ಇಷ್ಟು ಹಠಮಾರಿ. ಮೊದಲು ಹುಟ್ಟಿದವರು, ಆಮೇಲೆ ಹುಟ್ಟಿದವರು ಅಂತಲೇ ಹೀಗೋ?” ಈ ಪ್ರಶ್ನೆಗೆ ವಿಜ್ಞಾನ ಈಗ ಕೊಡುವ ಉತ್ತರದಲ್ಲಿ ಎರಡು ಭಾಗಗಳಿವೆ. ಹುಟ್ಟಿನ ಕ್ರಮವು ಸ್ವಭಾವವನ್ನು ರೂಪಿಸುವುದು ಅತ್ಯಲ್ಪ. ಆದರೆ ಮನೆಯಲ್ಲಿ ನಮಗೆ ದೊರೆಯುವ ಸ್ಥಾನವನ್ನು ಅದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಸ್ಥಾನವನ್ನೇ ಸ್ವಭಾವವೆಂದು ಭ್ರಮಿಸಿದಾಗ ಸಂಬಂಧಗಳು ಕೆಡುತ್ತವೆ.

ಮೊದಲು ಸ್ವಭಾವದ ಮಾತು. ವಿಯೆನ್ನಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ, ತಮ್ಮನೋ ತಂಗಿಯೋ ಹುಟ್ಟಿದೊಡನೆ ಚೊಚ್ಚಲ ಮಗು ಸಿಂಹಾಸನ ಕಳೆದುಕೊಂಡ ಅರಸನಂತಾಗುತ್ತದೆ ಎಂದು ವಾದಿಸಿದರು. 1996ರಲ್ಲಿ ಅಮೆರಿಕದ ಫ್ರಾಂಕ್ ಸಲೋವೇ, ಹಿರಿಯರು ಇರುವ ವ್ಯವಸ್ಥೆಯನ್ನು ಕಾಯುತ್ತಾರೆ, ಕಿರಿಯರು ಅದರ ವಿರುದ್ಧ ಬಂಡೇಳುತ್ತಾರೆ ಎಂಬ ವಾದವನ್ನು ದೊಡ್ಡ ಗ್ರಂಥವಾಗಿ ಮಂಡಿಸಿದರು. ಓದಲು ರುಚಿಕರವಾದ ಈ ವಾದಗಳು ದೊಡ್ಡ ಪ್ರಮಾಣದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2015ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಪೈಕಿ ಒಂದು ಜರ್ಮನಿ, ಬ್ರಿಟನ್, ಅಮೆರಿಕಗಳ 20,000ಕ್ಕೂ ಹೆಚ್ಚು ಜನರನ್ನು, ಇನ್ನೊಂದು ಅಮೆರಿಕದ ಸುಮಾರು 3,77,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರಿಶೀಲಿಸಿತು. ಬಹಿರ್ಮುಖತೆ, ಸೌಜನ್ಯ, ಕರ್ತವ್ಯನಿಷ್ಠೆಯಂತಹ ಗುಣಗಳಲ್ಲಿ ಕಂಡ ವ್ಯತ್ಯಾಸ ಶೂನ್ಯವೋ ಶೂನ್ಯಕ್ಕೆ ಸಮೀಪವೋ ಆಗಿತ್ತು.

ಹಾಗಾದರೆ ಪ್ರತಿಯೊಂದು ಮನೆಯಲ್ಲೂ ವ್ಯತ್ಯಾಸ ಕಾಣುವುದೇಕೆ? ನಾವು ಹೋಲಿಸುವುದು ಹತ್ತು ವರ್ಷದ ಮಗುವನ್ನು ಆರು ವರ್ಷದ ಮಗುವಿನೊಡನೆ. ಅಲ್ಲಿ ತೋರುವುದು ಕ್ರಮವಲ್ಲ, ವಯಸ್ಸು. ಎರಡನೆಯದಾಗಿ, ನಾಲ್ಕನೆಯ ಮಗು ಇರುವುದು ದೊಡ್ಡ ಕುಟುಂಬದಲ್ಲಿ ಮಾತ್ರ; ಏಕೈಕ ಚೊಚ್ಚಲ ಮಗುವಿನ ಜೊತೆ ಅದನ್ನು ಹೋಲಿಸಿದರೆ ಎರಡು ಬಗೆಯ ಮನೆಗಳನ್ನು ಹೋಲಿಸಿದಂತಾಗುತ್ತದೆ.

ಆದರೂ ಒಂದು ಸಣ್ಣ ವ್ಯತ್ಯಾಸ ಉಳಿದಿದೆ. 2007ರಲ್ಲಿ ನಾರ್ವೆಯ ಸಂಶೋಧಕರು ಸೈನ್ಯಕ್ಕೆ ಕರೆಬಂದ ಸುಮಾರು 2,40,000 ತರುಣರ ಬುದ್ಧಿಪರೀಕ್ಷೆಯ ಅಂಕಗಳನ್ನು ನೋಡಿದಾಗ ಚೊಚ್ಚಲ ಮಕ್ಕಳ ಸರಾಸರಿ ಎರಡನೆಯವರಿಗಿಂತ ಎರಡು ಅಂಕಗಳಷ್ಟು ಮೇಲಿತ್ತು. ಒಬ್ಬ ವ್ಯಕ್ತಿಯ ವಿಷಯದಲ್ಲಿ ಇದಕ್ಕೆ ಬೆಲೆಯಿಲ್ಲ. ಆದರೆ ಅದರೊಳಗಿನ ಇನ್ನೊಂದು ಸಂಗತಿ ಮಹತ್ವದ್ದು: ಅಣ್ಣನೋ ಅಕ್ಕನೋ ಎಳವೆಯಲ್ಲೇ ತೀರಿಹೋಗಿ, ಹಿರಿಯರಾಗಿ ಬೆಳೆದ ಎರಡನೆಯವರ ಅಂಕಗಳು ಚೊಚ್ಚಲ ಮಕ್ಕಳ ಅಂಕಗಳಂತೆಯೇ ಇದ್ದವು. ಎಂದರೆ ಕಾರಣವಿರುವುದು ಗರ್ಭದಲ್ಲಲ್ಲ, ಮನೆಯಲ್ಲಿ. ಭಾರತದ ಕಥೆ ಬಲ್ಲ ನಮಗೆ ಇದು ಹೊಸತಲ್ಲ. ಕುಂತಿಯ ಮಕ್ಕಳಲ್ಲಿ ಮೊದಲು ಹುಟ್ಟಿದವನು ಕರ್ಣ. ಹಿರಿಯನ ಸ್ಥಾನದಲ್ಲಿ ಬೆಳೆದವನು ಧರ್ಮರಾಯ.

ಸ್ಥಾನದ ಭಾರವೆಂತಹುದೆಂದು ತಿಳಿಯಲು ಕೋಬೆಯ ಹಿಗಾಶಿನಾಡ ವಾರ್ಡಿನ ಸುಮಿಯೋಶಿ ಹೊಳೆಯ ಬಳಿ ಇರುವ ‘ಇಶೋಆನ್’ ಎಂಬ ಮನೆಯನ್ನು ನೋಡಬೇಕು. ಕಾದಂಬರಿಕಾರ ತಾನಿಜಾಕಿ ಜುನ್‌ಇಚಿರೋ 1936ರಿಂದ 1943ರವರೆಗೆ ಇಲ್ಲಿ ವಾಸವಿದ್ದರು. ಅವರ ‘ಸಸಮೆಯುಕಿ’ ನಾಲ್ವರು ಸೋದರಿಯರ ಕಥೆ. ನೆರೆಯ ಆಶಿಯದಲ್ಲಿ ನಡೆಯುವ ಈ ಕಥೆಗೆ ಅವರ ಪತ್ನಿ ಹಾಗೂ ಆಕೆಯ ಸೋದರಿಯರೇ ಮಾದರಿ. ಮೂರನೆಯವಳಾದ ಯುಕಿಕೋಗೆ ಮೂವತ್ತಾದರೂ ಗಂಡು ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ನಾಲ್ಕನೆಯವಳಾದ ತಾಯೆಕೋ ಕಾಯಬೇಕು. ಒಬ್ಬಳು ಸಂಕೋಚದವಳು, ಇನ್ನೊಬ್ಬಳು ಸ್ವತಂತ್ರ ಮನೋಭಾವದವಳು. ಅಕ್ಕನ ಮದುವೆಯಾಗದೆ ತಂಗಿಯ ಮದುವೆಯಿಲ್ಲವೆಂಬ ನಿಯಮದಲ್ಲಿ ಬೆಳೆದ ಕನ್ನಡ ಓದುಗರಿಗೆ ಈ ಕಾದಂಬರಿಗೆ ಟಿಪ್ಪಣಿ ಬೇಕಾಗದು. ಇಬ್ಬರನ್ನೂ ಹಿಂಡುವುದು ಸ್ವಭಾವವಲ್ಲ, ಸರದಿ.

ಈ ಸರದಿಯನ್ನು ಕಾನೂನೂ ಎತ್ತಿಹಿಡಿದಿತ್ತು. 1898ರ ಮೇಜಿ ನಾಗರಿಕ ಸಂಹಿತೆಯ ಪ್ರಕಾರ ಮನೆಯ ಯಜಮಾನಿಕೆಯೂ ಆಸ್ತಿಯೂ ಸಾಮಾನ್ಯವಾಗಿ ಹಿರಿಯ ಮಗನಿಗೆ, ಎಂದರೆ ‘ಚೋನಾನ್’ಗೆ ಸಲ್ಲುತ್ತಿದ್ದವು. ವೃದ್ಧ ತಂದೆತಾಯಿಯರ ಆರೈಕೆ ಅವನ ಹೆಂಡತಿಯ ಪಾಲಿಗೆ ಬರುತ್ತಿತ್ತು. ಯುದ್ಧಾನಂತರ, 1947ರ ತಿದ್ದುಪಡಿಯಲ್ಲಿ, ಮಕ್ಕಳಿಗೆಲ್ಲ ಸಮಪಾಲು ಬಂತು. ಆದರೂ ವಾರ್ಡು ಕಚೇರಿಯ ಕುಟುಂಬ ದಾಖಲೆಯಾದ ಕೊಸೆಕಿಯಲ್ಲಿ ‘ಹಿರಿಯ ಮಗ’, ‘ಎರಡನೆಯ ಮಗ’ ಎಂದು ಬರೆಯುವುದು ಉಳಿದುಬಂದಿದೆ.

ನಮ್ಮ ನಾಡಿನ ಶಾಸ್ತ್ರಕಾರ ಈ ವಿಷಯದಲ್ಲಿ ಬಹಳ ಮುಂದಿದ್ದ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರ’ದಲ್ಲಿ, ಹಿರಿಯನಿಗೆ ಹೆಚ್ಚಿನ ಪಾಲು ಕೊಡುವ ವಿಧಿ ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ಒಪ್ಪಿತವಲ್ಲದ್ದರಿಂದ ಆಚರಿಸತಕ್ಕದ್ದಲ್ಲವೆಂದು ಹೇಳಿದ. ಆ ಸಮಾನತೆ ಗಂಡುಮಕ್ಕಳಿಗೆ ಮಾತ್ರವಾಗಿತ್ತು. ಚಿತೆಗೆ ಬೆಂಕಿಯಿಡುವ ಹಕ್ಕು, ತಂದೆತಾಯಿಯರನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗನಲ್ಲೇ ಉಳಿದವು. ಇದರ ಫಲ ಮಕ್ಕಳ ದೇಹದ ಮೇಲೂ ಬಿದ್ದಿದೆ. 2017ರಲ್ಲಿ ಅರ್ಥಶಾಸ್ತ್ರಜ್ಞೆಯರಾದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಭಾರತದ ಮಕ್ಕಳ ಎತ್ತರವನ್ನು ಸಹಾರಾದ ದಕ್ಷಿಣದ ಆಫ್ರಿಕಾದ ಮಕ್ಕಳೊಡನೆ ಹೋಲಿಸಿದರು. ಭಾರತದ ಮಕ್ಕಳ ಕೊರತೆ ಆರಂಭವಾಗುವುದು ಎರಡನೆಯ ಮಗುವಿನಿಂದ. ಮುಂದಿನ ಮಕ್ಕಳಲ್ಲಿ ಅದು ಹೆಚ್ಚುತ್ತದೆ. ಹಿರಿಯ ಮಗನ ಮೇಲಿನ ಒಲವು ಇದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದರು.

ಹೊರದೇಶದಲ್ಲಿರುವ ನಮಗೆ ಈ ವಿಚಾರ ದೂರದ್ದಲ್ಲ. ಹಿರಿಯ ಮಗ ಕೋಬೆಯಲ್ಲೋ ಡಲ್ಲಾಸಿನಲ್ಲೋ ಇರುತ್ತಾನೆ. ಊರಿನಲ್ಲಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಕಿರಿಯ ಮಗಳು. ಹಿರಿಯನೆಂಬ ಮಾತು ಇವನದು, ಕೆಲಸ ಅವಳದು. ಶಸ್ತ್ರಚಿಕಿತ್ಸೆಗೆ ಒಪ್ಪಬೇಕೆ, ಮನೆ ಮಾರಬೇಕೆ ಎಂಬ ನಿರ್ಧಾರಕ್ಕೆ ಅವನ ಫೋನಿಗಾಗಿ ಕಾಯುತ್ತಾರೆ. ಕಾದು ದಣಿದ ತಂಗಿಯನ್ನು ‘ಚಿಕ್ಕಂದಿನಿಂದಲೂ ಹಠಮಾರಿ’ ಎನ್ನುತ್ತಾರೆ. ಜಪಾನು 2000ದ ಏಪ್ರಿಲ್‌ನಲ್ಲಿ ಆರೈಕೆ ವಿಮೆಯನ್ನು ಜಾರಿಗೆ ತಂದು ಸೊಸೆಯ ಹೆಗಲ ಭಾರದ ಒಂದು ಪಾಲನ್ನು ಸಮಾಜಕ್ಕೆ ವರ್ಗಾಯಿಸಿತು. ನಮ್ಮಲ್ಲಿ ಆ ಹಂಚಿಕೆಯನ್ನು ಇನ್ನೂ ಮನೆಯವರೇ ಕೂತು ಮಾತಾಡಿ ಮಾಡಬೇಕಾಗಿದೆ.

ವೈದ್ಯನಾಗಿ ನಾನು ಹೇಳುವುದು ಇಷ್ಟೆ. ‘ನೀನು ದೊಡ್ಡವನು’ ಎಂಬ ಮಾತನ್ನು ಮಗುವಿಗೆ ಕೆಲಸ ವಹಿಸಲು ಬಳಸಿ, ಗುಣವನ್ನು ಅಳೆಯಲು ಬೇಡ. ವಹಿಸಿದ ಕೆಲಸವೂ ವರ್ಷಕ್ಕೊಮ್ಮೆ ಕೈ ಬದಲಾಗಲಿ. ದೊಡ್ಡವರಾದ ಒಡಹುಟ್ಟಿದವರಲ್ಲಿ ತಂದೆತಾಯಿಯರ ಬಳಿ ಯಾರಿದ್ದಾರೋ ನಿರ್ಧಾರದ ಅಧಿಕಾರ ಅವರಿಗಿರಲಿ. ದೂರದಲ್ಲಿರುವವರು ಹಣವನ್ನೂ ಸಮಯವನ್ನೂ ಕೊಡಲಿ. ಈ ಮಾತನ್ನು ತಂದೆತಾಯಿ ಆರೋಗ್ಯವಾಗಿರುವಾಗಲೇ ಆಡಿ ಮುಗಿಸುವುದು ಒಳ್ಳೆಯದು.