ಹಿಮ್ಮಡಿಯ ಒಂದು ಹನಿ ರಕ್ತ

"ಬಲು ಸಾಧು ಮಗು, ಅಳುವುದೇ ಇಲ್ಲ. ಹಾಲು ಕುಡಿಸಬೇಕಾದರೂ ಎಬ್ಬಿಸಬೇಕು" ಎಂದು ಬಾಣಂತಿಯ ಕೋಣೆಯಲ್ಲಿ ಹಿರಿಯರು ಮೆಚ್ಚಿಕೊಳ್ಳುವುದುಂಟು. ಬಹುಪಾಲು ಮಕ್ಕಳ ವಿಷಯದಲ್ಲಿ ಅದು ನೆಮ್ಮದಿಯ ಮಾತೇ. ಆದರೆ ಅಪರೂಪಕ್ಕೊಮ್ಮೆ ಈ ಸಾಧುತನವೇ ರೋಗವೊಂದರ ಮೊದಲ ಸುಳಿವಾಗಿರುತ್ತದೆ. ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ ಅಂಥ ಒಂದು ರೋಗ.

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿರುವ ನಿರ್ನಾಳ ಗ್ರಂಥಿ. ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಮೂಳೆ ಬೆಳೆಯಲು, ಮಿದುಳು ಬಲಿಯಲು ಈ ಹಾರ್ಮೋನು ಬೇಕೇ ಬೇಕು. ಎಳವೆಯಲ್ಲಿ ಅದು ದೊರೆಯದಿದ್ದರೆ ಮಗು ಕುಳ್ಳಾಗಿ, ಬುದ್ಧಿ ಬೆಳೆಯದೆ ಉಳಿಯುತ್ತದೆ.

ಇಂಥವರನ್ನು ಯೂರೋಪಿನ ಆಲ್ಪ್ಸ್ ಕಣಿವೆಗಳ ಜನ ಶತಮಾನಗಳಿಂದ ಕಂಡಿದ್ದರು. ಆ ನೆಲದಲ್ಲಿ ಅಯೋಡಿನ್ ಕಡಿಮೆ, ಗಳಗಂಡ ಸಾಮಾನ್ಯ. ಹೀಗಾಗಿ ಊದಿದ ಗ್ರಂಥಿಯ ಮೇಲೆಯೇ ವೈದ್ಯರ ಗುಮಾನಿ ಇತ್ತು. 1850ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಥಾಮಸ್ ಕರ್ಲಿಂಗ್ ಇದೇ ಲಕ್ಷಣಗಳಿದ್ದ ಇಬ್ಬರು ಮಕ್ಕಳ ಶವಪರೀಕ್ಷೆಯ ವರದಿ ಪ್ರಕಟಿಸಿದ. ಆ ಮಕ್ಕಳಲ್ಲಿ ಗ್ರಂಥಿಯೇ ಇರಲಿಲ್ಲ! ರೋಗದ ಮೂಲ ಗೊತ್ತಾಗುವ ದಾರಿ ತೆರೆಯಿತು, ಆದರೆ ಅದು ಮಗು ಸತ್ತ ಮೇಲೆ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ, ಗ್ರಂಥಿ ಸೋತಿದ್ದ ಮಹಿಳೆಯೊಬ್ಬಳನ್ನು ಗುಣಪಡಿಸಿದ. ಬೇಗನೆ ಮಕ್ಕಳಿಗೂ ಈ ಚಿಕಿತ್ಸೆ ಸಿಕ್ಕಿತು. ಅವರು ಎತ್ತರ ಬೆಳೆದರು, ಚರ್ಮ ಮೃದುವಾಯಿತು. ಆದರೆ ಬುದ್ಧಿ ಅಷ್ಟಾಗಿ ಚೇತರಿಸಲಿಲ್ಲ. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದ. 1927ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವುದೂ ಸಾಧ್ಯವಾಯಿತು. ಔಷಧವೇನೋ ಕೈಗೆ ಬಂತು. ಕೊಡುವುದು ಯಾವಾಗ ಎಂಬುದೇ ಪ್ರಶ್ನೆಯಾಗಿ ಉಳಿಯಿತು.

ಇದಕ್ಕೆ ಅಮೆರಿಕದ ಮಕ್ಕಳ ವೈದ್ಯರ 1972ರ ವರದಿಯೊಂದು ಸ್ಪಷ್ಟ ಉತ್ತರ ಕೊಟ್ಟಿತು. ಮೂರು ತಿಂಗಳೊಳಗೆ ಚಿಕಿತ್ಸೆ ಪಡೆದ ಮಕ್ಕಳ ಸರಾಸರಿ ಬುದ್ಧಿ ಸೂಚ್ಯಂಕ 89 ಇದ್ದರೆ, ಆರು ತಿಂಗಳ ನಂತರ ಪಡೆದವರದು ಕೇವಲ 54. ತೊಡಕೆಂದರೆ, ಗರ್ಭದಲ್ಲಿ ತಾಯಿಯ ಹಾರ್ಮೋನು ಸ್ವಲ್ಪಮಟ್ಟಿಗೆ ಕಾಪಾಡಿರುವುದರಿಂದ ಇಂಥ ಹೆಚ್ಚಿನ ಶಿಶುಗಳು ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುತ್ತವೆ. ನುರಿತ ವೈದ್ಯರ ಕಣ್ಣಿಗೂ ರೋಗ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಕಣ್ಣು ಸೋತಲ್ಲಿ ನೆರವಾದದ್ದು ಒಂದು ಚೂರು ಸೋಸು ಕಾಗದ. ಇನ್ನೊಂದು ರೋಗದ ಪತ್ತೆಗಾಗಿ ಅಮೆರಿಕದ ರಾಬರ್ಟ್ ಗಥ್ರಿ 1960ರ ದಶಕದ ಆರಂಭದಲ್ಲಿ ಶಿಶುವಿನ ಹಿಮ್ಮಡಿ ಚುಚ್ಚಿ, ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದಿದ್ದ. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯುಸೊ ಅದೇ ಒಣಗಿದ ರಕ್ತದಲ್ಲಿ ಥೈರಾಕ್ಸಿನ್ ಅಳೆಯುವ ವಿಧಾನ ರೂಪಿಸಿದ. 1974ರಲ್ಲಿ ಅಲ್ಲಿ ಎಲ್ಲ ನವಜಾತ ಶಿಶುಗಳ ತಪಾಸಣೆ ಆರಂಭವಾಯಿತು.

ಕಾಗದದ ಮೇಲೆ ರಕ್ತ ಒಣಗಿಸುವ ಈ ತಪಾಸಣೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರ ದಶಕದಲ್ಲೇ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಲಾಗಿತ್ತು. ಥೈರಾಯ್ಡ್ ಕೊರತೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 1,100 ಶಿಶುಗಳಿಗೆ ಒಂದರಲ್ಲಿ ಈ ಕೊರತೆ ಕಂಡಿತು. ಹಲವು ದೇಶಗಳಲ್ಲಿ ಇದು ಮೂರು ನಾಲ್ಕು ಸಾವಿರಕ್ಕೆ ಒಂದು. ಆದರೂ ನಮ್ಮಲ್ಲಿ ಹುಟ್ಟುವ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ಇನ್ನೂ ದೊರೆಯುತ್ತಿಲ್ಲ.

ಆದ್ದರಿಂದ ಮನೆಯವರೂ ಎಚ್ಚರವಾಗಿರಬೇಕು. ಎರಡು ವಾರ ಕಳೆದರೂ ಇಳಿಯದ ಕಾಮಾಲೆ, ಮಲಬದ್ಧತೆ, ಗೊಗ್ಗರು ಅಳು, ಹೊರಚಾಚಿದ ನಾಲಿಗೆ, ಉಬ್ಬಿದ ಹೊಕ್ಕುಳು, ತಣ್ಣನೆಯ ಒಣ ಚರ್ಮ, ಸದಾ ನಿದ್ದೆ - ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇವು ಯಾವುವೂ ಇಲ್ಲದಿದ್ದರೂ, ಹೆರಿಗೆಯಾದ ಎರಡು ಮೂರು ದಿನಗಳ ನಂತರ ಹಿಮ್ಮಡಿಯ ರಕ್ತಪರೀಕ್ಷೆ ಮಾಡಿಸುವಂತೆ ಕೇಳುವುದು ಒಳ್ಳೆಯದು. ಮೊದಲ ಎರಡು ವಾರಗಳಲ್ಲೇ ಚಿಕಿತ್ಸೆ ಶುರುವಾದರೆ, ದಿನಕ್ಕೊಂದು ಅಗ್ಗದ ಮಾತ್ರೆಯ ನೆರವಿನಿಂದ ಆ ಮಗು ಉಳಿದ ಮಕ್ಕಳಂತೆಯೇ ಆಡಿ, ಓದಿ ಬೆಳೆಯುತ್ತದೆ.