ಬೈಬಲ್ ವ್ಯಾಖ್ಯಾನ

ಬೈಬಲ್ ವ್ಯಾಖ್ಯಾನವೆಂದರೆ ಕ್ರೈಸ್ತರು ತಮ್ಮ ಧರ್ಮಗ್ರಂಥದ ಅರ್ಥವನ್ನು ನಿರ್ಣಯಿಸುವ ಕ್ರಮ. ಗ್ರಂಥ ದೈವಪ್ರೇರಿತ ಎಂಬುದರಲ್ಲಿ ಪ್ರಮುಖ ಪಂಗಡಗಳಿಗೆ ಸಹಮತವಿದೆ. ಅದರಲ್ಲಿ ಯಾವ ಪುಸ್ತಕಗಳಿರಬೇಕು, ಅರ್ಥ ಹೇಳುವ ಅಧಿಕಾರ ಯಾರದು ಎಂಬಲ್ಲಿ ಇಲ್ಲ. 1546ರಲ್ಲಿ ಟ್ರೆಂಟ್ ಮಹಾಸಭೆ ದೃಢಪಡಿಸಿದ ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟೆಂಟರದರಲ್ಲಿ 66. ಕ್ಯಾಥೊಲಿಕರಿಗೆ ಗ್ರಂಥದ ಜೊತೆಗೆ ಪರಂಪರೆ ಮತ್ತು ಧರ್ಮಸಭೆಯ ಬೋಧನೆಯೂ ಆಧಾರ. ಪ್ರೊಟೆಸ್ಟೆಂಟರಿಗೆ ಗ್ರಂಥವೇ ಪರಮ ಪ್ರಮಾಣ.

ಒಂದೇ ವಾಕ್ಯ ಎಂಥ ಬಿರುಕು ಮೂಡಿಸಬಲ್ಲದು ಎಂಬುದಕ್ಕೆ ಕೊನೆಯ ಭೋಜನದ ಪ್ರಸಂಗವೇ ಸಾಕ್ಷಿ. ಯೇಸು ರೊಟ್ಟಿಯನ್ನು ತನ್ನ ದೇಹವೆಂದ ಮಾತನ್ನು ಪ್ರೊಟೆಸ್ಟೆಂಟ್ ಸುಧಾರಕರಲ್ಲಿ ಲೂಥರ್ ಅಕ್ಷರಶಃ ಹಿಡಿದ, ಸ್ವಿಂಗ್ಲಿ ಸಂಕೇತವೆಂದ. 1529ರ ಮಾರ್‌ಬುರ್ಗ್ ಮಾತುಕತೆಯಲ್ಲಿ 15 ಅಂಶಗಳ ಪೈಕಿ 14ಕ್ಕೆ ಒಪ್ಪಿದ ಈ ಸುಧಾರಕರು ಇದೊಂದರಲ್ಲಿ ಬೇರೆಯಾದರು.

ಭೇದ ಅರ್ಥದಲ್ಲಷ್ಟೇ ಅಲ್ಲ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಚರ್ಚಿನ ಬೈಬಲ್ ವಾಚನದಲ್ಲೂ ಕಾಣುತ್ತದೆ. ಅದೂ ಕ್ಯಾಥೊಲಿಕರ ನಡುವೆಯೇ. ಮುಂಬಯಿ ಮಹಾಧರ್ಮಪ್ರಾಂತ್ಯದ ಲ್ಯಾಟಿನ್ ಚರ್ಚುಗಳು ಭಾನುವಾರದ ಪಾಠಗಳನ್ನು ಮೂರು ವರ್ಷಗಳ ಆವರ್ತನದಲ್ಲಿ ಓದುತ್ತವೆ. 1988ರಲ್ಲಿ ಧರ್ಮಪ್ರಾಂತ್ಯವಾಗಿ ಸ್ಥಾಪನೆಯಾದ ಕಲ್ಯಾಣದ ಸಿರೋ-ಮಲಬಾರ್ ಚರ್ಚುಗಳಿಗೆ ಪೂರ್ವ ಸಿರಿಯಾಕ್ ಪರಂಪರೆಯ ಪಂಚಾಂಗವಿದೆ.